ಟಿವಿಯ ಬೆಂಕಿ ಸುಡೋದಿಲ್ಲ

ಇವತ್ತಿನ ಮಾತು ಸ್ಟುಡಿಯೋದಿಂದ ಅಲ್ಲ, ಘಾಟಿ ಸುಬ್ರಹ್ಮಣ್ಯದಿಂದ. ದೊಡ್ಡಬಳ್ಳಾಪುರ ತಾಲ್ಲೂಕು, ತೂಬಗೆರೆ ಹೋಬಳಿ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಇಲ್ಲೀಗ ದನಗಳ ಜಾತ್ರೆ. ಹಳ್ಳಿಕಾರ್ ಜೋಡಿಗಳಿಗೆ ಶಾಮಿಯಾನ ಹಾಕಿ, ಕೊಂಬಿಗೆ ಬಣ್ಣ ಹಚ್ಚಿ, ಮದುಮಕ್ಕಳ ಥರ ನಿಲ್ಲಿಸಿದ್ದಾರೆ. ಬೆಲೆ ಕೇಳಿದ್ರೆ ಲಕ್ಷದಲ್ಲೇ ಮಾತು. ನಮ್ಮ ತಂಡ ಬಂದಿದ್ದು ಅದನ್ನ ತೋರಿಸೋಕೆ. ಆದರೆ ನಾನು ಈಗ ಮಾತಾಡೋಕೆ ಹೊರಟಿರೋದು ದನದ ಬಗ್ಗೆ ಅಲ್ಲ, ಹಾವಿನ ಬಗ್ಗೆ. ಟಿವಿಯಲ್ಲಿ ಬರೋ ಹಾವಿನ ಬಗ್ಗೆ.

ಕಾರಣ ಇದೆ. ಬೆಳಗ್ಗೆ ಒಂದು ಶಾಮಿಯಾನದ ಪಕ್ಕ ಗೌರಿಬಿದನೂರು ಕಡೆಯ ಅಜ್ಜಿಯೊಬ್ಬರು ಮೂರು ಕಲ್ಲಿನ ಒಲೆ ಹೂಡಿ ಕೂತಿದ್ರು. ಪಕ್ಕದಲ್ಲಿ ಮೊಮ್ಮಗಳು, ಕೈಯಲ್ಲಿ ಮೊಬೈಲು. ಮೊಬೈಲಿನಲ್ಲಿ ನಾಗಿಣಿ. 'ಅಜ್ಜಿ, ಇಂಥದ್ದೆಲ್ಲ ಮಗು ನೋಡಬಹುದಾ?' ಅಂದೆ.

'ನೋಡ್ತದೆ, ಏನ್ ಮಾಡಾದು? ರಕ್ತ ಗಿಕ್ತ ಬಂದ್ರೆ ನಾನೇ ಕಣ್ಣು ಮುಚ್ಚಿಬಿಡ್ತೀನಿ ಕಣಪ್ಪ.'

'ಬೆಂಕಿ ಬಂದ್ರೆ?'

'ಬೆಂಕಿನಾ? ಅದು ನಾಗಮ್ಮನ ಬೆಂಕಿ ಅಲ್ವೇನಪ್ಪ. ಅದೇನು ಮಾಡ್ತದೆ?'

ಅಜ್ಜಿ ಒಲೆ ಊದೋಕೆ ಶುರು ಮಾಡಿದ್ರು. ನನಗೆ ನೆನಪಾಗಿದ್ದು ಹರಿಹರ.

2017ರ ನವೆಂಬರ್. ದಾವಣಗೆರೆ ಜಿಲ್ಲೆಯ ಹರಿಹರ. ಏಳು ವರ್ಷದ ಹೆಣ್ಣು ಮಗು ಬೆಂಕಿ ತಗುಲಿ ತೀರಿಕೊಂಡಿತು. ಉದಯ ಟಿವಿಯಲ್ಲಿ ಬರ್ತಿದ್ದ 'ನಂದಿನಿ' ಧಾರಾವಾಹಿಯ ಬೆಂಕಿಯ ಕುಣಿತ ನೋಡಿ, ಅದನ್ನೇ ಮಾಡೋಕೆ ಹೋಗಿತ್ತು ಅಂತ ಹೆತ್ತವರು ಹೇಳಿದರು. ಆ ತಿಂಗಳ ಕೊನೆಗೆ ಇದು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಇದು ಹೆತ್ತವರ ಮಾತು, ನಾನು ಅದನ್ನ ಹೆತ್ತವರ ಮಾತು ಅಂತಲೇ ಹೇಳ್ತಿದೀನಿ, ತೀರ್ಪು ಅಂತಲ್ಲ. ಮಗುವಿನ ಹೆಸರು ಹೇಳೋದಿಲ್ಲ. ಬೆಂಕಿ ಹೇಗೆ ಹತ್ತಿಸಿಕೊಂಡಿತು ಅನ್ನೋದನ್ನೂ ಹೇಳೋದಿಲ್ಲ. ಈ ಕಾರ್ಯಕ್ರಮವನ್ನೂ ಮಕ್ಕಳು ನೋಡ್ತಾರೆ.

'ನಂದಿನಿ' ಸಣ್ಣ ಧಾರಾವಾಹಿ ಅಲ್ಲ. ಆ ವರ್ಷ ಜನವರಿಯಲ್ಲಿ ತಮಿಳಿನಲ್ಲೂ ಕನ್ನಡದಲ್ಲೂ ಒಟ್ಟಿಗೆ ಶುರುವಾದದ್ದು. ತೆಲುಗು, ಮಲಯಾಳಕ್ಕೂ ಡಬ್ ಆಯ್ತು. ಕಥೆ ತಮಿಳಿನ ಸಿನಿಮಾ ನಿರ್ದೇಶಕ ಸುಂದರ್ ಸಿ. ಅವರದು. ನಾಯಕಿ ನಮ್ಮವರೇ, ನಿತ್ಯಾ ರಾಮ್. ಅದಕ್ಕೆ ಒಂದು ವರ್ಷ ಮೊದಲೇ ಜೀ ಕನ್ನಡದಲ್ಲಿ 'ನಾಗಿಣಿ' ಬಂದಿತ್ತು, ಅದಕ್ಕೂ ಮೊದಲು ಹಿಂದಿಯಲ್ಲಿ 'ನಾಗಿನ್'. ಆ ಎರಡು ಮೂರು ವರ್ಷ ಸೇಡಿನ ಹಾವುಗಳದ್ದೇ ಕಾರುಬಾರು.

ಮಗು ಹೋದ ಸುದ್ದಿ ಬಂದಾಗ ವೀಕ್ಷಕರು ಏನಂದ್ರು? ಇಂಥ ಸುದ್ದಿ ಬಂದಾಗೆಲ್ಲ ಏನಂತಾರೋ ಅದನ್ನೇ. ಒಂದು ಗುಂಪು, ಬ್ಯಾನ್ ಮಾಡಿ. ಇನ್ನೊಂದು, ರಿಮೋಟ್ ನಿಮ್ಮ ಕೈಯಲ್ಲೇ ಇದೆಯಲ್ಲ ಸ್ವಾಮಿ, ಆಫ್ ಮಾಡಿ. ಮೂರನೆಯ ಗುಂಪಿನದ್ದು ಎಲ್ಲಕ್ಕಿಂತ ದೊಡ್ಡ ದನಿ. ತಾಯಿ ಎಲ್ಲಿದ್ದಳು?

ಈ ಕೊನೆಯ ಪ್ರಶ್ನೆ ನನಗೆ ಸುತರಾಂ ಒಪ್ಪಿಗೆ ಇಲ್ಲ. ಏಳು ವರ್ಷದ ಮಗು ಇರೋ ಮನೆಯಲ್ಲಿ ತಾಯಿ ಎಲ್ಲಿರ್ತಾಳೆ? ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ನಲ್ಲಿ ನೀರು ಹಿಡಿಯೋಕೆ, ಇಲ್ಲಾ ಗಾರ್ಮೆಂಟ್ಸ್ ಬಸ್ಸಿನಲ್ಲಿ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಗೆ ಹೋಗಿ ನೋಡಿ. ಪವರ್‌ಲೂಮ್ ಸದ್ದಿನಲ್ಲಿ ಗಂಡ ಹೆಂಡತಿ ಇಬ್ಬರೂ ನಿಂತಿರ್ತಾರೆ, ಮಗುವನ್ನ ನೋಡಿಕೊಳ್ಳೋದು ಟಿವಿ. ಇದು ಸರಿ ಅಂತ ನಾನು ಹೇಳ್ತಿಲ್ಲ. ಆದರೆ ಮನೆ ಮನೆಯಲ್ಲೂ ಹೀಗೇ ನಡೆಯುತ್ತೆ ಅಂತ ಗೊತ್ತಿದ್ದೇ ವಾಹಿನಿಗಳು ಕಾರ್ಯಕ್ರಮ ಹೊಂದಿಸೋದು. ದುಡಿಮೆಯ ಲೆಕ್ಕ ಅವರದ್ದು, ಹೊಣೆ ಮಾತ್ರ ತಾಯಿಯದ್ದು ಅಂದ್ರೆ ಹೇಗೆ?

ಇಷ್ಟೆಲ್ಲ ಗಲಾಟೆಯಲ್ಲಿ ಕೇಳಲೇಬೇಕಾದ ಪ್ರಶ್ನೆ ಬೇರೆ ಇತ್ತು. ಮಗು ನೋಡಿದ್ದು ಏನನ್ನ?

ಇಂಥ ಕಥೆಗಳಲ್ಲಿ ಮಗು ನೋಡೋದು ಏನು ಹೇಳಿ. ಒಬ್ಬ ಹೆಣ್ಣುಮಗಳು ಬೆಂಕಿಯ ನಡುವೆ ನಿಂತಿದ್ದಾಳೆ. ಕುಣೀತಾಳೆ. ಸೀರೆಯ ನೆರಿಗೆ ಸುಡಲ್ಲ, ಮುಡಿದ ಹೂವು ಬಾಡಲ್ಲ. ಹಿಂದೆ ಡೋಲು, ಮುಂದೆ ಗಾಳಿಗೆ ಹಾರೋ ಕೂದಲು. ಸುಟ್ಟವರ ಕಿರುಚಾಟ ಇಲ್ಲ, ನೋವಿಲ್ಲ, ಆಸ್ಪತ್ರೆ ಇಲ್ಲ. ಬೆಂಕಿ ಆರಿದ ಮೇಲೆ ಅವಳ ಮುಖ ಇನ್ನೂ ಕಳೆಕಳೆ. ಸೇಡು ತೀರಿಸಿಕೊಳ್ಳೋಕೆ ಹೊಸ ಬಲ ಬಂದಿದೆ.

ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಈ ಬೆಂಕಿ ಎಲ್ಲಿಂದ ಬರುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ನಟಿ ನಿಂತಿರೋದು ಹಸಿರು ಬಟ್ಟೆಯ ಮುಂದೆ. ಅಲ್ಲಿ ಬೆಂಕಿಯ ಕಿಡಿಯೂ ಇಲ್ಲ. ಬೆಂಕಿಯನ್ನ ಬೇರೆಲ್ಲೋ, ಬೇರೆ ಯಾವಾಗಲೋ, ಕಪ್ಪು ಹಿನ್ನೆಲೆ ಇಟ್ಟು ಚಿತ್ರೀಕರಿಸಿರ್ತಾರೆ. ಹಾಗೆ ತೆಗೆದ ಬೆಂಕಿಯ ತುಣುಕುಗಳು ರೆಡಿಮೇಡ್ ಸಿಗ್ತವೆ. ಇಲ್ಲಾಂದ್ರೆ ಕಂಪ್ಯೂಟರಿನಲ್ಲೇ ಹುಟ್ಟಿಸ್ತಾರೆ. ಹಸಿರು ಬಟ್ಟೆಯನ್ನ ತೆಗೆದು, ಆ ಜಾಗಕ್ಕೆ ಕಾಡು. ಕಾಡಿನ ಮುಂದೆ ಒಂದು ಪದರ ಬೆಂಕಿ, ನಟಿಯ ಹಿಂದೊಂದು ಪದರ. ಮುಖದ ಮೇಲೆ ಕಿತ್ತಳೆ ಬಣ್ಣದ ಬೆಳಕು ಬೀಳೋಹಾಗೆ ಮಾಡಿದ್ರೆ ಆಯ್ತು, ಅವಳು ಬೆಂಕಿಯಲ್ಲಿ ನಿಂತಳು. ಒಂದು ಸಾಫ್ಟ್‌ವೇರು, ಕೂರೋಕೆ ಒಬ್ಬ ಹುಡುಗ, ರಾತ್ರಿ ಕರೆಂಟು ಇದ್ರೆ ಸಾಕು.

ನಿಮಗೆ ಇದು ಗೊತ್ತು, ಅಥವಾ ಅಂದಾಜಾದರೂ ಇದೆ. ಎರಡನೇ ಕ್ಲಾಸಿನ ಮಗುವಿಗೆ?

ವಾಹಿನಿಗಳು ಹೇಳೋದು, ಶುರುವಿನಲ್ಲೇ ಹಾಕ್ತೀವಲ್ಲ, ಇದು ಕಾಲ್ಪನಿಕ ಅಂತ. ಹಾಕ್ತಾರೆ. ಚಿಕ್ಕ ಅಕ್ಷರ, ನಾಲ್ಕೈದು ಸೆಕೆಂಡು, ಎಷ್ಟೋ ಸಲ ಇಂಗ್ಲಿಷಿನಲ್ಲಿ. ಬಳ್ಳಿ, ಬಟ್ಟಲು ಅಂತ ಒತ್ತಕ್ಷರ ಕೂಡಿಸಿ ಓದೋ ಮಗು ಅದನ್ನ ಓದಿ ಮುಗಿಸೋ ಹೊತ್ತಿಗೆ ಟೈಟಲ್ ಸಾಂಗ್ ಮುಗಿದಿರುತ್ತೆ. ಅಷ್ಟಕ್ಕೂ 'ಕಾಲ್ಪನಿಕ' ಅನ್ನೋ ಪದ ವಕೀಲರಿಗಾಗಿ ಬರೆದದ್ದು, ಮಕ್ಕಳಿಗಲ್ಲ.

ಇನ್ನೂ ಒಂದು ಮಾತು. ನಾನೀಗ ನಿಂತಿರೋ ಜಾಗದಲ್ಲಿ ಹಾವು ಕಾಲ್ಪನಿಕವೇ? ದೇವಸ್ಥಾನದ ಸುತ್ತ ತಿರುಗಿ ನೋಡಿ. ನಾಗರಕಲ್ಲು, ನಾಗರಕಲ್ಲು, ನಾಗರಕಲ್ಲು. ಎಲ್ಲವೂ ಯಾರೋ ಹರಕೆ ಹೊತ್ತು ಪ್ರತಿಷ್ಠೆ ಮಾಡಿಸಿದ್ದು. ಹೆಚ್ಚಿನವು ಮಕ್ಕಳಿಗಾಗಿ. ಮದುವೆಯಾಗಿ ಎಷ್ಟೋ ವರ್ಷ ಆಗಿ, ಮಡಿಲು ತುಂಬಲಿ ಅಂತ ಬಂದವರು ಇಟ್ಟ ಕಲ್ಲುಗಳು. ಹಾಗೆ ಹುಟ್ಟಿದ ಮಗುವಿಗೆ ನಾಗರಾಜ, ನಾಗರತ್ನ, ಸುಬ್ರಹ್ಮಣ್ಯ, ಸುಬ್ಬಮ್ಮ ಅಂತ ಹೆಸರು. ಅರಿಶಿನ, ಕುಂಕುಮ, ಹಾಲು. ಇಲ್ಲಿ ಬೆಳೆದ ಮಗುವಿಗೆ ನಾಗಮ್ಮ ನಿಜ. ಟಿವಿಯಲ್ಲಿ ಅದೇ ನಾಗಮ್ಮ ಬಂದು ಬೆಂಕಿಯಲ್ಲಿ ನಿಂತ್ರೆ, ಅದು ಮಾತ್ರ ಸುಳ್ಳು ಅಂತ ಮಗು ಹೇಗೆ ತಿಳೀಬೇಕು? ಅಮೆರಿಕದವರಿಗೆ ಡ್ರ್ಯಾಗನ್ ಫ್ಯಾಂಟಸಿ ಇರಬಹುದು. ನಮಗೆ ನಾಗರಹಾವು ಫ್ಯಾಂಟಸಿ ಅಲ್ಲ.

ಅಮೆರಿಕದ ಮಾತು ಬಂತಲ್ಲ, 'ಗೇಮ್ ಆಫ್ ಥ್ರೋನ್ಸ್' ಬಗ್ಗೆ ಹೇಳಿಬಿಡ್ತೀನಿ. ನಮ್ಮ ಐಟಿ ಹುಡುಗರು ನಿದ್ದೆಗೆಟ್ಟು ನೋಡಿದ ಧಾರಾವಾಹಿ. 2013ರ ಜೂನ್ 2ರಂದು ಅದರಲ್ಲಿ ಒಂದು ಮದುವೆ ಊಟದ ದೃಶ್ಯ ಬಂತು. ನೆಂಟರಾಗಿ ಕರೆದವರೇ ಬಾಗಿಲು ಹಾಕಿಕೊಂಡು, ಬಂದ ಅತಿಥಿಗಳನ್ನ ಕೊಚ್ಚಿ ಹಾಕ್ತಾರೆ. ಬಸುರಿಯನ್ನೂ ಬಿಡೋದಿಲ್ಲ. ನೋಡಿದವರು ಸೋಫಾದ ಮೇಲೆ ಅತ್ತರು, ಬೈದರು, ಇನ್ನು ನೋಡಲ್ಲ ಅಂತ ಎದ್ದು ಹೋದರು. ಪುಸ್ತಕ ಓದಿ ಮೊದಲೇ ವಿಷಯ ತಿಳಿದಿದ್ದ ಸ್ನೇಹಿತರು ಅವರ ಮುಖವನ್ನ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದರು. ಬೆಚ್ಚಿಬಿದ್ದವರ ಮುಖ ನೋಡೋದೇ ಒಂದು ಮನರಂಜನೆ ಆಗೋಯ್ತು. ಲೇಖಕ ಜಾರ್ಜ್ ಮಾರ್ಟಿನ್, ಸ್ಕಾಟ್ಲೆಂಡಿನ ಇತಿಹಾಸದಲ್ಲಿ 1440ರಲ್ಲೂ 1692ರಲ್ಲೂ ಅತಿಥಿ ಮರ್ಯಾದೆ ಮುರಿದು ನಡೆದ ಕೊಲೆಗಳೇ ಇದಕ್ಕೆ ಮೂಲ ಅಂದ್ರು. ಬರೆಯೋಕೆ ಎಲ್ಲಕ್ಕಿಂತ ಕಷ್ಟವಾದ ಅಧ್ಯಾಯ ಅದು, ಪುಸ್ತಕದ ಉಳಿದದ್ದೆಲ್ಲ ಮುಗಿಸಿ ಕೊನೆಗೆ ಬರೆದೆ ಅಂತಲೂ ಹೇಳಿದ್ದಾರೆ.

ಅತಿಥಿಗಳನ್ನ ಕೊಲ್ಲೋದು, ಮಲಗಿದ್ದವರನ್ನ ಕೊಲ್ಲೋದು ನಮಗೇನು ಹೊಸದಾ? ಅಶ್ವತ್ಥಾಮ ರಾತ್ರಿ ಶಿಬಿರಕ್ಕೆ ನುಗ್ಗಿ ದ್ರೌಪದಿಯ ಐದು ಮಕ್ಕಳನ್ನ ಕೊಂದದ್ದು ಇನ್ನೇನು?

ಆ ಮದುವೆ ದೃಶ್ಯವನ್ನ ನಾನು ಹೊಗಳ್ತಿಲ್ಲ, ಮಕ್ಕಳಿಗೆ ತೋರಿಸಿ ಅಂತ ಖಂಡಿತ ಹೇಳಲ್ಲ. ಆದರೆ ಒಂದು ವಿಷಯ ಗಮನಿಸಿ. ಅಲ್ಲಿ ಚಾಕು ಚುಚ್ಚಿದ್ರೆ ನೋವಾಗುತ್ತೆ. ಆ ಊಟದ ಮನೆಯಲ್ಲಿ ಸತ್ತ ಗಂಡ, ಸತ್ತ ಹೆಂಡತಿ ಮುಂದಿನ ವಾರ ಎದ್ದು ಬರೋದಿಲ್ಲ. ನೋಡಿದವರಿಗೆ ಹೊಟ್ಟೆ ತೊಳಸಿತು, ಮುಖ ತಿರುಗಿಸಿದರು. ಅದನ್ನ ನೋಡಿ ನಾನೂ ಹೀಗೇ ಮಾಡ್ತೀನಿ ಅಂತ ಯಾವ ಮಗುವಿಗೂ ಆಸೆ ಆಗೋ ಥರ ಅದು ಇರಲಿಲ್ಲ. ನಮ್ಮ ನಾಗಿಣಿ ಕಥೆಯಲ್ಲಿ ಬೆಚ್ಚಿಬೀಳಿಸೋದು ಏನೂ ಇಲ್ಲ. ಬೆಂಕಿ ಚಂದ ಇದೆ. ಅಜ್ಜಿ ಮಗುವಿನ ಕಣ್ಣು ಮುಚ್ಚೋದು ರಕ್ತ ಬಂದಾಗ, ಬೆಂಕಿ ಬಂದಾಗ ಅಲ್ಲ. ನಾವು ದೊಡ್ಡವರು ಹಿಂಸೆಯನ್ನ ಅಳೆಯೋದು ರಕ್ತದ ಲೋಟದಲ್ಲಿ. ರಕ್ತ ಇಲ್ಲದಿದ್ದರೆ ಅದು ಮಕ್ಕಳೂ ನೋಡಬಹುದಾದದ್ದು ಅಂತ ಲೆಕ್ಕ. ಮೈಮೇಲೆ ಬೆಂಕಿ ಹೊತ್ತು ನಿಲ್ಲೋದು ಹಿಂಸೆ ಅಂತಲೇ ನಮಗೆ ಅನ್ನಿಸೋದಿಲ್ಲ, ಯಾಕಂದ್ರೆ ಯಾರಿಗೂ ನೋವಾಗ್ತಿಲ್ಲವಲ್ಲ.

ಈಗ ಕೆಲವರು ಕೇಳಬಹುದು. ಪುರಾಣದಲ್ಲಿ ಬೆಂಕಿ ಇಲ್ವಾ? ಇದೆ. ಪ್ರಹ್ಲಾದನನ್ನ ತೊಡೆ ಮೇಲೆ ಕೂರಿಸಿಕೊಂಡು ಹೋಲಿಕಾ ಬೆಂಕಿಗೆ ಕೂತಳು, ಮಗು ಸುಡಲಿಲ್ಲ. ಸೀತೆ ಬೆಂಕಿ ಹೊಕ್ಕು ಹೊರಗೆ ಬಂದಳು. ಜನಮೇಜಯನ ಸರ್ಪಯಾಗದಲ್ಲಿ ಹಾವುಗಳೇ ಬಂದು ಬೆಂಕಿಗೆ ಬಿದ್ದವು. ಆದರೆ ಈ ಕಥೆ ನಿಮಗೆ ಹೇಳಿದ್ದು ಯಾರು? ಅಜ್ಜಿ. ಎಲ್ಲಿ? ಪಕ್ಕದಲ್ಲಿ ಮಲಗಿಸಿಕೊಂಡು. 'ನಾನೂ ಬೆಂಕಿಗೆ ಕೂರ್ತೀನಿ' ಅಂದಿದ್ರೆ ತಲೆಗೊಂದು ಮೊಟಕಿ, 'ಅವನು ಪ್ರಹ್ಲಾದ ಕಣೋ, ನೀನು ಸುಟ್ಟುಹೋಗ್ತೀಯ' ಅಂತಿದ್ದಳು. ಕಥೆಯ ಜೊತೆಗೆ ಕಥೆ ಹೇಳೋರೂ ಇರ್ತಿದ್ರು.

ನಾಟಕವೂ ಹಾಗೇ. ಬೆಂಗಳೂರು ಗ್ರಾಮಾಂತರದ ಹಳ್ಳಿಗಳಲ್ಲಿ ಇವತ್ತಿಗೂ 'ಕುರುಕ್ಷೇತ್ರ' ಪೌರಾಣಿಕ ನಾಟಕ ಆಡ್ತಾರೆ. ಹಬ್ಬಕ್ಕೋ ಜಾತ್ರೆಗೋ ಸೀನರಿ ಬಾಡಿಗೆಗೆ ತಂದು, ಹಾರ್ಮೋನಿಯಂ ಮೇಷ್ಟ್ರನ್ನ ಕರೆಸಿ, ರಾತ್ರಿಯಿಂದ ಬೆಳಗಿನವರೆಗೆ. ಅಭಿಮನ್ಯು ಸಾಯ್ತಾನೆ, ಹೆಂಗಸರು ಕಣ್ಣೊರೆಸಿಕೊಳ್ತಾರೆ. ಅದೇ ಹೊತ್ತಿಗೆ ಹುಡುಗರು ಎಲ್ಲಿರ್ತಾರೆ ಗೊತ್ತಾ? ಸ್ಟೇಜಿನ ಹಿಂದೆ, ತಗಡಿನ ಸಂದಿಯಲ್ಲಿ ಇಣುಕ್ತಾ. ಸತ್ತ ಅಭಿಮನ್ಯು ಅಲ್ಲಿ ಟೀ ಕುಡೀತಿರ್ತಾನೆ. ದುರ್ಯೋಧನ ಮೀಸೆ ಬಿಚ್ಚಿಟ್ಟು ಬೀಡಿ ಹಚ್ಚಿರ್ತಾನೆ, ಬೆಳಗಾದ್ರೆ ಡೇರಿಗೆ ಹಾಲು ಹಾಕೋಕೆ ಬರ್ತಾನೆ. ಮಗುವಿಗೆ ಎರಡೂ ಒಟ್ಟಿಗೆ ಗೊತ್ತಿರುತ್ತೆ. ಸತ್ತದ್ದೂ ಗೊತ್ತು, ಸಾಯಲಿಲ್ಲ ಅನ್ನೋದೂ ಗೊತ್ತು. ಟಿವಿಗೆ ಹಿಂಬದಿ ಇಲ್ಲ. ಹಿಂದೆ ಹೋಗಿ ನೋಡಿದ್ರೆ ವೈರು, ಧೂಳು, ಗೋಡೆ.

ಘಾಟಿಗೆ ಬಂದವರಿಗೆ ಇಲ್ಲಿನ ಕನ್ನಡಿ ಗೊತ್ತು. ಒಂದೇ ಶಿಲೆಯಲ್ಲಿ ಮುಂದೆ ಏಳು ಹೆಡೆಯ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಮುಂದೆ ನಿಂತವರಿಗೆ ಹಿಂದಿನ ದೇವರು ಕಾಣಬೇಕಲ್ಲ, ಅದಕ್ಕೆ ಗರ್ಭಗುಡಿಯಲ್ಲಿ ಹಿಂದೊಂದು ದೊಡ್ಡ ಕನ್ನಡಿ ಇಟ್ಟಿದ್ದಾರೆ. ದೇವಸ್ಥಾನದವರಿಗೆ ಹೊಳೆದದ್ದು ಟಿವಿಯವರಿಗೆ ಯಾಕೆ ಹೊಳೆಯಬಾರದು?

ಹೊಳೆದ ಉದಾಹರಣೆ ಇದೆ. 1997ರಲ್ಲಿ ದೂರದರ್ಶನದಲ್ಲಿ 'ಶಕ್ತಿಮಾನ್' ಶುರುವಾಯ್ತು. ನನ್ನ ವಯಸ್ಸಿನವರು ಅದನ್ನ ನೋಡಿಕೊಂಡೇ ಬೆಳೆದವರು. ಶಕ್ತಿಮಾನ್ ಬಂದು ಕಾಪಾಡ್ತಾನೆ ಅಂತ ಮಕ್ಕಳು ಬೆಂಕಿ ಹಚ್ಚಿಕೊಂಡರು, ಮಹಡಿಯಿಂದ ಹಾರಿದರು ಅನ್ನೋ ವರದಿಗಳು ಬಂದವು. ಅದರಲ್ಲಿ ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ ಅನ್ನೋ ವಾದ ಬೇರೆ. ಆದರೆ ಮುಖೇಶ್ ಖನ್ನಾ ಅದೇ ತೆರೆಯ ಮೇಲೆ ಬಂದು, ನಾನು ಮಾಡೋದನ್ನ ನೀವು ಮಾಡಬೇಡಿ ಅಂತ ಮಕ್ಕಳಿಗೆ ನೇರವಾಗಿ ಹೇಳಿದರು. ವಕೀಲರ ಭಾಷೆಯಲ್ಲಿ ಅಲ್ಲ. ಮಗು ನಂಬಿದ್ದು ಯಾರನ್ನ? ಶಕ್ತಿಮಾನನನ್ನ. ಆದ್ದರಿಂದ ಹೇಳಬೇಕಾದವನೂ ಅವನೇ.

ಕಾನೂನು ಇಲ್ವಾ ಅಂದ್ರೆ, ಇದೆ. 1994ರ ಕೇಬಲ್ ಟೆಲಿವಿಷನ್ ನಿಯಮಗಳಲ್ಲಿ ಆರನೇ ನಿಯಮ ಅಂತ ಒಂದಿದೆ. ಅತಿ ಹೆಚ್ಚು ಮಕ್ಕಳು ಟಿವಿ ನೋಡೋ ಹೊತ್ತಿನಲ್ಲಿ ಮಕ್ಕಳಿಗೆ ತಕ್ಕದ್ದಲ್ಲದ ಕಾರ್ಯಕ್ರಮ ಬರಕೂಡದು ಅಂತ ಅದರಲ್ಲಿದೆ. ಮೂಢನಂಬಿಕೆಗೆ ಕುಮ್ಮಕ್ಕು ಕೊಡಬಾರದು ಅಂತಲೂ ಇದೆ. ವಾಹಿನಿಗಳೇ ಮಾಡಿಕೊಂಡ ಸ್ವಯಂ ನಿಯಂತ್ರಣದಲ್ಲಿ ದೊಡ್ಡವರಿಗೆ ಮಾತ್ರ ಅನ್ನೋ ಕಾರ್ಯಕ್ರಮ ರಾತ್ರಿ 11ರಿಂದ ಬೆಳಗಿನ 5ರವರೆಗೆ. ಆದರೆ ನಾಗಿಣಿಯರು ಬರೋದು ಮನೆಮಂದಿ ತಟ್ಟೆ ಹಿಡಿದು ಕೂರೋ ಹೊತ್ತಿನಲ್ಲಿ. ಯಾಕೆ? ರಕ್ತ ಇಲ್ಲ, ಬೈಗುಳ ಇಲ್ಲ, ಬಟ್ಟೆ ಸರಿ ಇದೆ. ಎಲ್ಲ ಅಳತೆಯಲ್ಲೂ ಪಾಸು.

ಇನ್ನು ನಿಮ್ಮ ಸಿಟ್ಟು. ಅದು ಎಲ್ಲಿಗೆ ಹೋಗುತ್ತೆ? ನಮ್ಮ ಉದ್ಯಮದಲ್ಲಿ ಗುರುವಾರ ಅಂದ್ರೆ ರಿಸಲ್ಟ್ ದಿನ, ಟಿಆರ್‌ಪಿ ಬರುತ್ತೆ. ಅದನ್ನ ಅಳೆಯೋದು ಬಾರ್ಕ್ ಅನ್ನೋ ಸಂಸ್ಥೆ. ದೇಶದಲ್ಲಿ ಟಿವಿ ಇರೋ ಮನೆ 21 ಕೋಟಿ ಅಂತ ಅವರದ್ದೇ 2020ರ ಅಂದಾಜು. ಮೀಟರ್ ಇಟ್ಟಿರೋದು 50 ಸಾವಿರ ಚಿಲ್ಲರೆ ಮನೆಗಳಲ್ಲಿ. ಅಂದ್ರೆ ಸುಮಾರು ನಾಲ್ಕು ಸಾವಿರ ಮನೆಗೆ ಒಂದು. ವಾಹಿನಿಯ ಧ್ವನಿಯಲ್ಲಿ ನಮ್ಮ ಕಿವಿಗೆ ಕೇಳಿಸದ ಒಂದು ಗುರುತು ಸೇರಿಸಿರ್ತಾರೆ, ಮೀಟರ್ ಅದನ್ನ ಹಿಡಿಯುತ್ತೆ. ಮನೆಯಲ್ಲಿ ಯಾರು ನೋಡ್ತಿದ್ದಾರೋ ಅವರು ತಮ್ಮ ಬಟನ್ ಒತ್ತಬೇಕು. ಇಷ್ಟೇ. ನೀವು ನಗ್ತಾ ನೋಡಿದ್ರಾ, ಬೈತಾ ನೋಡಿದ್ರಾ, ಮಗುವಿನ ಕಣ್ಣು ಮುಚ್ಚಿಕೊಂಡು ನೋಡಿದ್ರಾ, ಮೀಟರಿಗೆ ಗೊತ್ತಿಲ್ಲ. 'ಛೀ, ಇದೇನು ಅಸಹ್ಯ' ಅಂತ ಹೇಳಿ ನಾಳೆ ಏನಾಗುತ್ತೆ ನೋಡೋಣ ಅಂತ ಮತ್ತೆ ಕೂತ್ರೆ, ಗುರುವಾರ ನೀವು ಮೆಚ್ಚಿದವರ ಲೆಕ್ಕದಲ್ಲೇ. ವಾಟ್ಸ್ಆ್ಯಪಿನಲ್ಲಿ ಬೈದು ಆ ದೃಶ್ಯದ ತುಣುಕನ್ನೇ ನಾಲ್ಕು ಗುಂಪಿಗೆ ಕಳಿಸಿದ್ರೆ, ಪುಕ್ಕಟೆ ಪ್ರಚಾರ.

ನನ್ನ ಪ್ರಕಾರ ಧಾರಾವಾಹಿಯನ್ನ ಬ್ಯಾನ್ ಮಾಡೋದು ಬೇಡ. ಹಾವಿನ ಕಥೆ ಈ ನೆಲದ್ದು, ಅದು ಇರಲಿ. ಬೆಂಕಿ ತೋರಿಸಿದ ಕಂತಿನ ಕೊನೆಗೆ ಇಪ್ಪತ್ತು ಸೆಕೆಂಡು ಕೊಡಿ. ಅದೇ ನಟಿ, ಅದೇ ಸೀರೆಯಲ್ಲಿ, ಹಸಿರು ಬಟ್ಟೆಯ ಮುಂದೆ ನಿಂತು ಹೇಳಲಿ: 'ಪುಟ್ಟಾ, ಇಲ್ಲಿ ಬೆಂಕಿ ಇರಲಿಲ್ಲ, ನೋಡು. ನಿಜವಾದ ಬೆಂಕಿ ನನ್ನನ್ನೂ ಸುಡುತ್ತೆ.' ಜಾಹೀರಾತಿನ ಎರಡು ಸ್ಲಾಟಿನಷ್ಟೂ ಆಗಲ್ಲ ಇದು. ಗಟ್ಟಿಯಾಗಿ ಓದಿ ಹೇಳಲಿ, ಬರೆದು ಮಾತ್ರ ತೋರಿಸೋದು ಬೇಡ, ಓದೋಕೆ ಬಾರದ ಮಕ್ಕಳೂ ನೋಡ್ತಾರೆ.

ನಿಮ್ಮ ಪಾಲಿನದ್ದೂ ಒಂದಿದೆ. ಮನರಂಜನಾ ವಾಹಿನಿಗಳ ದೂರು ಕೇಳೋಕೆ ಬಿಸಿಸಿಸಿ ಅಂತ ಒಂದು ಮಂಡಳಿ 2011ರಿಂದ ಇದೆ, ನಿವೃತ್ತ ನ್ಯಾಯಮೂರ್ತಿಗಳು ಅಧ್ಯಕ್ಷರಾಗಿರ್ತಾರೆ. ಅದರ ವಿವರ ಆಗಾಗ ತೆರೆಯ ಕೆಳಗೆ ಪಟ್ಟಿಯಾಗಿ ಓಡುತ್ತೆ, ನಾವ್ಯಾರೂ ಓದಲ್ಲ. 2021ರ ತಿದ್ದುಪಡಿ ನಿಯಮದ ಪ್ರಕಾರ ಮೊದಲು ವಾಹಿನಿಗೇ ದೂರು ಕೊಡಬಹುದು. 24 ಗಂಟೆಯೊಳಗೆ ದೂರು ಬಂದಿದೆ ಅಂತ ಅವರು ತಿಳಿಸಬೇಕು, 15 ದಿನದೊಳಗೆ ಇತ್ಯರ್ಥ ಮಾಡಬೇಕು. ತೃಪ್ತಿ ಆಗಲಿಲ್ಲ ಅಂದ್ರೆ ಮೇಲಿನ ಮಂಡಳಿಗೆ ಹೋಗಬಹುದು. 'ಕೆಟ್ಟ ಸೀರಿಯಲ್, ನಿಲ್ಲಿಸಿ' ಅಂತ ಬರೆದ್ರೆ ಉಪಯೋಗ ಇಲ್ಲ. ವಾಹಿನಿ ಯಾವುದು, ಧಾರಾವಾಹಿ ಯಾವುದು, ತಾರೀಖು, ಗಂಟೆ, ತೆರೆಯ ಮೇಲೆ ಕಂಡದ್ದೇನು, ಅಷ್ಟನ್ನ ಬರೀರಿ. ಆ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ಅದನ್ನ ನೋಡ್ತಾ ಕೂತಿದ್ದ ಮಗುವಿನ ವಯಸ್ಸು ಎಷ್ಟು ಅನ್ನೋದನ್ನೂ ಬರೀರಿ. ಫಾರಂ ಕೇಳಲಿ, ಬಿಡಲಿ.